ನಿದ್ದೆ ಮಾತ್ರೆಗೊಂದು ಗಡುವು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಕಟ್ಟಿದವರಿಗೆ ಮಂಡಿನೋವು ಇದ್ದಂತೆ ಕಾಣುವುದಿಲ್ಲ. ನಿದ್ದೆಗೆ ಚಿಂತೆಯೊಂದೇ ಶತ್ರು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಮಹಾಭಾರತದ ಉದ್ಯೋಗಪರ್ವದಲ್ಲಿ ಧೃತರಾಷ್ಟ್ರ ಕಣ್ಣಿಗೆ ನಿದ್ದೆ ಹತ್ತದೆ ವಿದುರನನ್ನು ಕರೆಸುತ್ತಾನೆ. ಬಲಿಷ್ಠನನ್ನು ಎದುರು ಹಾಕಿಕೊಂಡ ದುರ್ಬಲ, ಸೊತ್ತು ಕಳೆದುಕೊಂಡವನು, ಕಾಮಿ, ಕಳ್ಳ ಇಂಥವರಿಗೆ ನಿದ್ದೆ ಬಾರದು, ನಿನ್ನದು ಇದರಲ್ಲಿ ಯಾವುದು ಎಂಬ ಧಾಟಿಯಲ್ಲಿ ವಿದುರ ವಿಚಾರಿಸುತ್ತಾನೆ. ಆ ಪಟ್ಟಿಯಲ್ಲಿ ಸೊಂಟ ಹಿಡಿದುಕೊಂಡವರಿಗೆ ಜಾಗವಿಲ್ಲ. ಸಂಧಿವಾತದವರು, ಸಯಾಟಿಕಾದವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರು ಮಾತ್ರ ಸಾಲಸೋಲ ಒಂದೂ ಇಲ್ಲದಿದ್ದರೂ ಬೆಳಗಿನ ತನಕ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ. ಇವರು ಮೆಡಿಕಲ್ ಶಾಪಿನ ಮುಂದೆ ನಿಂತು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಡ್ಡ ಪರಿಣಾಮ ಇಲ್ಲದ ಒಳ್ಳೆಯ ನಿದ್ದೆ ಮಾತ್ರೆ ಯಾವುದಿದೆ? ಪ್ರಶ್ನೆಯೇ ದಾರಿ ತಪ್ಪಿದೆ ಎಂಬುದು ನನ್ನ ವಾದ. ಸುರಕ್ಷತೆ ಮಾತ್ರೆಯೊಳಗೆ ಅಡಗಿರುವ ಗುಣವಲ್ಲ. ಯಾವ ಕಾರಣಕ್ಕೆ, ಯಾರಿಗೆ, ಇನ್ನಾವುದರ ಜೊತೆ, ಎಲ್ಲಿಯವರೆಗೆ ಎಂಬ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಮಾತ್ರ ಅದರ ಬಗ್ಗೆ ಮಾತಾಡಬಹುದು. ನಾಲ್ಕರಲ್ಲಿ ನಾವು ಕೇಳಲು ಮರೆಯುವುದು ಕೊನೆಯದನ್ನು.

ನಿದ್ದೆ ಮದ್ದಿನ ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಅಲ್ಲಿಗೆ ಬಂದವೆಲ್ಲ ‘ಇದು ಸುರಕ್ಷಿತ’ ಎಂದು ಹೇಳಿಸಿಕೊಂಡೇ ಬಂದವು. ಶತಮಾನಗಳ ಕಾಲ ನೋವಿಗೂ ನಿದ್ದೆಗೂ ಅಫೀಮೇ ಗತಿಯಾಗಿತ್ತು. ಅದರ ಚಟ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು. 1869ರಲ್ಲಿ ಜರ್ಮನಿಯ ಆಸ್ಕರ್ ಲೀಬ್‌ರೈಖ್ ಕ್ಲೋರಾಲ್ ಹೈಡ್ರೇಟ್ ನಿದ್ದೆ ತರಿಸುತ್ತದೆಂದು ತೋರಿಸಿದಾಗ ಬದಲಿ ಸಿಕ್ಕಿತೆಂದು ಜನ ಹಿಗ್ಗಿದರು. ಅದಕ್ಕೂ ಜನ ಅಂಟಿಕೊಂಡರು. 1903ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೇರಿಂಗ್ ಬಾರ್ಬಿಟಾಲ್ ತಂದರು. ವೆರೋನಾಲ್ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಆ ವರ್ಗದ ಮದ್ದುಗಳಲ್ಲಿ ನಿದ್ದೆ ಕೊಡುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ ಎಂಬುದಕ್ಕೆ ಬಹಳ ಜೀವಗಳ ಬೆಲೆ ತೆರಬೇಕಾಯಿತು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಬಂದವು. ಇವು ನಿಜವಾಗಿಯೂ ಹಿಂದಿನವುಗಳಿಗಿಂತ ಮೇಲು, ಆದರೆ ಬಿಡಿಸಿಕೊಳ್ಳುವುದು ಕಷ್ಟ. ಆಮೇಲೆ ಬಂದ ಜೋಲ್ಪಿಡೆಮ್‌ಗೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ಸಿಕ್ಕಿತು. ಬೆಳಿಗ್ಗೆ ಎದ್ದು ಕಾರು ಓಡಿಸುವ ಹೊತ್ತಿಗೂ ಅದು ರಕ್ತದಲ್ಲಿ ಉಳಿದಿರುತ್ತದೆಂದು ತಿಳಿದು, ಹೆಂಗಸರಿಗೆ ಹೇಳಿದ್ದ ಪ್ರಮಾಣವನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅರ್ಧಕ್ಕೆ ಇಳಿಸಿದ್ದು 2013ರಲ್ಲಿ, ಅಂದರೆ ಇಪ್ಪತ್ತು ವರ್ಷ ಕಳೆದ ಮೇಲೆ. ‘ಸುರಕ್ಷಿತ’ ಎಂದರೆ ಪ್ರತಿ ಸಲವೂ ‘ಹಿಂದಿನದಕ್ಕಿಂತ ಪರವಾಗಿಲ್ಲ’ ಎಂದಷ್ಟೇ ಆಗಿತ್ತು.

ಈ ಸಾಲಿನಲ್ಲಿ ಥಾಲಿಡೊಮೈಡ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಅದು ಅಂಗಡಿಗೆ ಬಂದದ್ದು ನಿದ್ದೆ ಮತ್ತು ಶಮನದ ಮಾತ್ರೆಯಾಗಿ, ಅದೂ ವೈದ್ಯರ ಚೀಟಿಯ ಹಂಗಿಲ್ಲದೆ. ಹೆಚ್ಚು ನುಂಗಿದರೂ ಸಾವಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಬಸುರಿಯರು ಅದನ್ನು ನುಂಗಿ, ಜಗತ್ತಿನಾದ್ಯಂತ ಹತ್ತು ಸಾವಿರದಷ್ಟು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರೆಂದು ಅಂದಾಜು. 1961ರ ಕೊನೆಗೆ ಅದನ್ನು ಹಿಂದಕ್ಕೆ ಪಡೆದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. 1964ರಲ್ಲಿ ಜೆರುಸಲೇಮಿನಲ್ಲಿ ಜೇಕಬ್ ಶೆಸ್ಕಿನ್ ಎಂಬ ವೈದ್ಯರ ಕೈಗೆ ಕುಷ್ಠರೋಗಿಯೊಬ್ಬ ಬಂದ. ರೋಗದ ಪ್ರತಿಕ್ರಿಯೆಯಿಂದ ಮೈತುಂಬ ಎದ್ದ ಗಂಟುಗಳ ನೋವಿಗೆ ಅವನಿಗೆ ನಿದ್ದೆಯೇ ಇಲ್ಲ; ಬೇರೆ ಮದ್ದು ಯಾವುದೂ ನಾಟಲಿಲ್ಲ. ಉಳಿದಿದ್ದ ಥಾಲಿಡೊಮೈಡನ್ನು ನಿದ್ದೆಗೆಂದು ಕೊಟ್ಟರು. ನಿದ್ದೆ ಬಂತು, ಆದರೆ ಅಚ್ಚರಿ ಅದಲ್ಲ, ಗಂಟುಗಳೇ ಇಳಿಯತೊಡಗಿದವು. ಮದ್ದು ನೋವಿನ ಬೇರಾಗಿದ್ದ ಉರಿಯೂತವನ್ನೇ ತಣಿಸಿತ್ತು. ಇಂದು ಅದೇ ಮದ್ದು ಕುಷ್ಠದ ಆ ತೊಡಕಿಗೂ ಮಜ್ಜೆಯ ಒಂದು ಕ್ಯಾನ್ಸರಿಗೂ ಬಿಗಿಯಾದ ನಿಯಮಗಳಡಿ ಬಳಕೆಯಲ್ಲಿದೆ. ಬಸುರಿಯ ಪಾಲಿಗೆ ಘೋರವಾದದ್ದು ಈ ರೋಗಿಯ ಪಾಲಿಗೆ ವರವಾಯಿತು. ಮಾತ್ರೆ ಬದಲಾಗಿರಲಿಲ್ಲ, ಕಾರಣ, ವ್ಯಕ್ತಿ, ಕಾವಲು ಬದಲಾಗಿದ್ದವು.

ಶೆಸ್ಕಿನ್ ಅವರಿಗೆ ಅದೃಷ್ಟದಿಂದ ಸಿಕ್ಕದ್ದನ್ನು ನಾವು ಲೆಕ್ಕ ಹಾಕಿ ಹುಡುಕಬೇಕು. ನೋವಿರುವವರ ನಿದ್ದೆಗೇಡಿಗೆ ಮೊದಲ ಮದ್ದು ನೋವಿನ ಕಾರಣಕ್ಕೆ ತಕ್ಕ ಚಿಕಿತ್ಸೆ. ಸಂಧಿಗಳ ಉರಿಯೂತಕ್ಕೆ ಒಂದು ಬಗೆ, ನರದ ಉರಿಗೆ ಮತ್ತೊಂದು. ನರದ ನೋವಿಗೆ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಅನ್ನು ವೈದ್ಯರು ರಾತ್ರಿ ಹೊತ್ತೇ ಕೊಡುವುದು ಅದರ ಮಂಪರೂ ಉಪಯೋಗಕ್ಕೆ ಬರಲಿ ಎಂದು. ಕಾರಣ ನೋಡದೆ ನಿದ್ದೆ ಮಾತ್ರೆ ನುಂಗುವುದೆಂದರೆ ಬಾಗಿಲು ಬಡಿಯುತ್ತಿರುವಾಗ ಎದ್ದು ನೋಡದೆ ಕಿವಿಗೆ ಹತ್ತಿ ತುರುಕಿಕೊಂಡ ಹಾಗೆ. ಆದರೆ ಈ ಲೆಕ್ಕ ಏಕಮುಖವಲ್ಲ. ನೋವು ನಿದ್ದೆ ಕೆಡಿಸುವಂತೆ ಕೆಟ್ಟ ನಿದ್ದೆಯೂ ನೋವನ್ನು ಬೆಳೆಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಆರೋಗ್ಯವಂತ ಹೆಂಗಸರಲ್ಲಿ ಒಂದು ಗುಂಪನ್ನು ರಾತ್ರಿಯಿಡೀ ಮತ್ತೆ ಮತ್ತೆ ಎಬ್ಬಿಸಿದರು. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತಿನ ನಿದ್ದೆಯನ್ನು ತುಂಡಾಗದಂತೆ ಒಟ್ಟಿಗೆ ಕೊಟ್ಟರು. ನೋವನ್ನು ತಡೆಯುವ ದೇಹದ ಸ್ವಂತ ಶಕ್ತಿ ಕುಂದಿದ್ದು ಮೊದಲ ಗುಂಪಿನಲ್ಲಿ. ಕಡಿಮೆ ನಿದ್ದೆಗಿಂತ ಕೋಳಿನಿದ್ದೆ ಹೆಚ್ಚು ಹಾನಿ ಮಾಡುತ್ತದೆ ಎಂದಾಯಿತು. ಹಾಗಾಗಿ ನೋವು ಹೋಗಲಿ, ನಿದ್ದೆ ತಾನಾಗಿ ಬರುತ್ತದೆ ಎಂದು ಕಾಯುತ್ತ ಕೂರುವುದೂ ಸರಿಯಲ್ಲ. ಎರಡಕ್ಕೂ ಬೇರೆ ಬೇರೆಯಾಗಿ ಕೈ ಹಾಕಬೇಕು.

ಹಾಗಿದ್ದರೆ ನಿದ್ದೆಗೆ ಮಾತ್ರೆಯೇ ಇರಲಿ ಎನ್ನುವವರು ಅದು ಕೊಡುವುದೆಷ್ಟು ಎಂದು ನೋಡಬೇಕು. ಅರವತ್ತು ದಾಟಿದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಉಪಯೋಗವಿಲ್ಲದ ಹುಸಿಮಾತ್ರೆಗಿಂತ ನಿದ್ದೆ ಮಾತ್ರೆ ಹೆಚ್ಚು ಕೊಟ್ಟದ್ದು ರಾತ್ರಿಗೆ ಸುಮಾರು 25 ನಿಮಿಷ. ಒಬ್ಬರ ನಿದ್ದೆ ಚೆನ್ನಾಗಬೇಕಾದರೆ 13 ಜನರಿಗೆ ಮಾತ್ರೆ ಕೊಡಬೇಕು. ಒಬ್ಬರಿಗೆ ತೊಂದರೆಯಾಗಲು 6 ಜನರಿಗೆ ಕೊಟ್ಟರೆ ಸಾಕು. ತೊಂದರೆ ಎಂದರೆ ಹಗಲಿನ ಮಂಪರು, ಮರೆವು, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಪೆಟ್ಟಾಗುವುದು. ಮಂಡಿನೋವಿಗೆ ನಿದ್ದೆ ಮಾತ್ರೆ ನುಂಗಿ ಸೊಂಟದ ಮೂಳೆ ಮುರಿದುಕೊಂಡರೆ ಯಾವ ಲಾಭ? ಇಷ್ಟಾದರೂ ನಾಲ್ಕಾರು ದಿನದ ಸಂಕಟಕ್ಕೆ, ಸಾವುನೋವಿನ ಮನೆಯಲ್ಲಿ, ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಆ 25 ನಿಮಿಷಕ್ಕೆ ಬೆಲೆಯಿದೆ. ನನ್ನ ತಕರಾರು ಮಾತ್ರೆಯ ಮೇಲಲ್ಲ; ನಾಲ್ಕು ದಿನಕ್ಕೆಂದು ಬಂದದ್ದು ನಾಲ್ಕು ವರ್ಷ ಉಳಿದುಬಿಡುವುದರ ಮೇಲೆ.

ಇನ್ನೊಂದು ಅಪಾಯ ಜೊತೆಗಾರರದು. ಸ್ಟ್ರಿಪ್ ತಿರುಗಿಸಿ ನೋಡಿದರೆ ಕೆಲವು ಮದ್ದುಗಳ ಮೇಲೆ ಕೆಂಪು ಅಂಚಿನ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿರುತ್ತದೆ. ಅದು ನಮ್ಮ ದೇಶದ ಔಷಧ ನಿಯಮಗಳಲ್ಲಿನ ಶೆಡ್ಯೂಲ್ ಎಚ್1 ಎಂಬ ಪಟ್ಟಿಯ ಗುರುತು. 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಇಂಥವನ್ನು ಕೊಡುವಾಗ ಅಂಗಡಿಯವರು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಆ ಪಟ್ಟಿಯಲ್ಲಿವೆ. ನೋವಿನ ಟ್ರಮಡಾಲ್ ಕೂಡ ಇದೆ. ನೋವೂ ನಿದ್ದೆಗೇಡೂ ಒಟ್ಟಿಗಿರುವವರ ಡಬ್ಬಿಯಲ್ಲಿ ಈ ಎರಡು ಜಾತಿಯ ಮಾತ್ರೆಗಳೂ ಸೇರಿಕೊಳ್ಳುವುದು ಸುಲಭ; ಒಂದನ್ನು ಮೂಳೆಯ ಡಾಕ್ಟರು, ಇನ್ನೊಂದನ್ನು ಬೇರೆ ಡಾಕ್ಟರು ಬರೆದಿರುತ್ತಾರೆ. ಎರಡೂ ಉಸಿರಾಟವನ್ನು ಮಂದಗೊಳಿಸುತ್ತವೆ. ಅಫೀಮಿನ ಕುಲದ ನೋವುಮದ್ದನ್ನೂ ಡಯಾಜೆಪಾಮ್ ಕುಲದ ನಿದ್ದೆ ಮದ್ದನ್ನೂ ಕೂಡಿಸಿ ನುಂಗಿದರೆ ಪ್ರಾಣಕ್ಕೇ ಅಪಾಯ ಎಂದು 2016ರಲ್ಲಿ ಅಮೆರಿಕದಲ್ಲಿ ಮದ್ದಿನ ಮಾಹಿತಿಪತ್ರದಲ್ಲೇ ಕಠಿಣ ಎಚ್ಚರಿಕೆ ಕಡ್ಡಾಯವಾಯಿತು. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಿಗೂ, ಮೇಲೊಂದು ಪೆಗ್ ಹಾಕುವವರಿಗೂ ಈ ಅಪಾಯ ಇಮ್ಮಡಿ. ಪಕ್ಕದ ಮನೆಯವರಿಗೆ ಒಗ್ಗಿತೆಂದು ಅವರ ಮಾತ್ರೆ ಕೇಳಿ ತರುವ ನಮ್ಮ ಸೌಹಾರ್ದ ಬೇರೆಲ್ಲದಕ್ಕೂ ಇರಲಿ, ಇದಕ್ಕೆ ಮಾತ್ರ ಬೇಡ.

ರಾಸಾಯನಿಕದ ಗೊಡವೆಯೇ ಬೇಡ, ನಮ್ಮ ನಾಟಿ ಮದ್ದಿದೆಯಲ್ಲ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಗಸಗಸೆ ಪಾಯಸ ಕುಡಿದರೆ ನಿದ್ದೆ ಖಂಡಿತ ಎಂಬುದರಲ್ಲಿ ಕನ್ನಡಿಗರಿಗೆ ಸಂಶಯವಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜವೇ ನಿಜ. ಆದರೆ ಮಾರ್ಫಿನ್ ಇರುವುದು ಕಾಯಿಯ ಹಾಲಿನಲ್ಲಿ, ಬೀಜಕ್ಕೆ ಅಂಟಿರುವುದು ತೀರಾ ಅಲ್ಪ. ಮದುವೆಯ ಊಟದಲ್ಲಿ ಪಾಯಸದ ಜೊತೆ ಹೋಳಿಗೆ, ಚಿತ್ರಾನ್ನ, ಎರಡು ಸಲ ಅನ್ನ ಮತ್ತು ಮಧ್ಯಾಹ್ನದ ಮೂರು ಗಂಟೆಯೂ ಇರುತ್ತವೆಂಬುದನ್ನು ಮರೆಯಬಾರದು. ಪಾಯಸದಿಂದ ಕೇಡಿಲ್ಲ, ಕುಡಿಯಿರಿ. ಜಾಯಿಕಾಯಿ ಹಾಗಲ್ಲ, ಪ್ರಮಾಣ ಹೆಚ್ಚಾದರೆ ಅದು ವಿಷ, ಭ್ರಮೆ ಹಿಡಿಸುತ್ತದೆ. ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ನಿದ್ದೆಗೇಡಿಗೂ ಕೊಡುತ್ತಿದ್ದರು. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡಕ್ಕೆ ಹೆಸರಾಯಿತು, ಕೆಲವರಿಗೆ ಖಿನ್ನತೆ ತರಿಸುತ್ತದೆಂಬ ದೂರನ್ನೂ ಹೊತ್ತುಕೊಂಡಿತು. ಅಶ್ವಗಂಧದ ಬಗ್ಗೆ ಸಣ್ಣ ಅಧ್ಯಯನಗಳು ಒಳ್ಳೆಯ ಮಾತಾಡಿವೆ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ದೇಹವೇ ತಯಾರಿಸುವ ಮೆಲಟೋನಿನ್ ಕೂಡ ಸೀಸೆಗೆ ಬಂದರೆ ಬೇರೆ ಕಥೆ. ಕೆನಡಾದಲ್ಲಿ ಕೊಂಡ 31 ಬಗೆಯ ಮೆಲಟೋನಿನ್‌ಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದರಲ್ಲಿ ಲೇಬಲ್ ಹೇಳಿದ್ದಕ್ಕಿಂತ ಶೇ. 83 ಕಡಿಮೆ, ಮತ್ತೊಂದರಲ್ಲಿ ಶೇ. 478 ಹೆಚ್ಚು ಮದ್ದು ಇತ್ತು. ಗಿಡದಿಂದ ಬಂದಿತೆಂಬ ಒಂದೇ ಕಾರಣಕ್ಕೆ ಆ ನಾಲ್ಕು ಪ್ರಶ್ನೆಗಳಿಂದ ಯಾವುದಕ್ಕೂ ವಿನಾಯಿತಿ ಸಿಗುವುದಿಲ್ಲ.

ದೀರ್ಘಕಾಲದ ನಿದ್ದೆಗೇಡಿಗೆ ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಮಾತ್ರೆಗಲ್ಲ, ಸಿಬಿಟಿ-ಐ ಎಂಬ ಅಭ್ಯಾಸ ಚಿಕಿತ್ಸೆಗೆ. ಉಪದೇಶದಂತೆ ಕೇಳಿಸಿದರೂ ಅದರಲ್ಲಿರುವುದು ಲೆಕ್ಕ. ಒಬ್ಬರು ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಾರೆ, ಅದರಲ್ಲಿ ನಿದ್ದೆ ಬರುವುದು ಐದೂವರೆ ಗಂಟೆ ಎನ್ನಿ. ಉಳಿದ ಮೂರೂವರೆ ಗಂಟೆ ಹಾಸಿಗೆಯಲ್ಲಿ ಗಡಿಯಾರ ನೋಡುವುದೇ ಅಭ್ಯಾಸ. ಎರಡು ವಾರ ಇದನ್ನು ಬರೆದಿಟ್ಟು, ಆಮೇಲೆ ಹನ್ನೆರಡೂವರೆಗೆ ಮೊದಲು ಮಲಗಬೇಡಿ, ಆರಕ್ಕೆ ಏಳಲೇಬೇಕು, ಹಗಲು ಜೊಂಪು ಹತ್ತಿದರೂ ಮಲಗಬಾರದು ಎನ್ನುತ್ತಾರೆ. ಹೊರಳಾಟ ಇಪ್ಪತ್ತು ನಿಮಿಷ ಮೀರಿತೆನಿಸಿದರೆ ಹಾಸಿಗೆ ಬಿಟ್ಟೆದ್ದು ಕೂರಬೇಕು. ಮೊದಲ ವಾರ ಪ್ರಾಣ ಹಿಂಡುತ್ತದೆ. ಆಮೇಲೆ ಚದುರಿದ್ದ ನಿದ್ದೆ ಒಂದೆಡೆ ಕೂಡುತ್ತದೆ. ಕೂಡಿದಂತೆಲ್ಲ ಹಾಸಿಗೆಯ ಅವಧಿಯನ್ನು ಹದಿನೈದು ನಿಮಿಷದಂತೆ ಹೆಚ್ಚಿಸುತ್ತಾರೆ. ತುಂಡು ನಿದ್ದೆಗಿಂತ ಕೂಡಿದ ನಿದ್ದೆ ಮೇಲು ಎಂದು ಹೇಳಿದ ಆ ಪ್ರಯೋಗಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮೂರ್ಛೆರೋಗ ಅಥವಾ ಬೈಪೋಲಾರ್ ಇರುವವರು, ದೊಡ್ಡ ವಾಹನ ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ನೋವಿನಿಂದ ನರಳುವವರಿಗೆ ಹೊತ್ತಿಗೆ ಸರಿಯಾಗಿ ಮಲಗೆನ್ನುವುದು ಕ್ರೌರ್ಯವಲ್ಲವೇ ಎಂದು ಕೇಳಬಹುದು. ದೀರ್ಘಕಾಲದ ನೋವಿದ್ದವರ ಮೇಲೂ ಈ ಚಿಕಿತ್ಸೆಯನ್ನು ಪರೀಕ್ಷಿಸಿದ್ದಾರೆ. ನಿದ್ದೆ ಗಣನೀಯವಾಗಿ ಸುಧಾರಿಸಿತು, ನೋವು ತಗ್ಗಿದ್ದು ಅಲ್ಪ. ಆ ಅಲ್ಪವನ್ನು ದೊಡ್ಡದು ಮಾಡಿ ಹೇಳುವುದು ಮೋಸವಾದೀತು. ಕ್ಯಾನ್ಸರಿನ ನೋವಿಗಂತೂ ಈ ವಾದವನ್ನೇ ಹೂಡಬಾರದು. ಅಲ್ಲಿ ಮಾರ್ಫಿನ್ ಮರ್ಯಾದೆಯ ಮದ್ದು, ಚಟದ ಭಯ ತೋರಿಸಿ ಅದನ್ನು ತಪ್ಪಿಸುವುದೇ ಕ್ರೌರ್ಯ. ತಾಲ್ಲೂಕು ಊರಿನಲ್ಲಿ ಇಂಥ ಚಿಕಿತ್ಸೆ ಕೊಡುವವರು ಯಾರಿದ್ದಾರೆ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಮನಸ್ಸಿನ ಭಾರವೂ ಸೇರಿಕೊಂಡಿದ್ದರೆ ನಿಮ್ಹಾನ್ಸ್ ಹೊಣೆ ಹೊತ್ತಿರುವ ಟೆಲಿ-ಮಾನಸ್‌ಗೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಅಷ್ಟು ಮಟ್ಟಿಗೆ ದಾರಿ ಇದೆ. ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು ಇದನ್ನೋದಿ ನಾಳೆಯೇ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಗಾವಲಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹೊಸದಾಗಿ ಶುರು ಮಾಡುವವರಿಗೆ ಈ ಪಾಡು ತಪ್ಪಬೇಕಾದರೆ ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕ ಅದನ್ನು ನಿಲ್ಲಿಸುವ ತಾರೀಖನ್ನೂ ಬರೆಸಿಕೊಳ್ಳಬೇಕು. ತಾರೀಖು ಹೇಳಲಾಗದ ಕಾಯಿಲೆಗಳೂ ಇವೆ. ಹಾಗಿದ್ದರೆ ಏಕೆ ಹೇಳಲಾಗದು, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗಿದೆ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.