ಪೆನ್ಸಿಲಿನಲ್ಲಿ ಓಡಿಸಿದ ಪ್ರೋಗ್ರಾಂಗಳು

"ಮೇಡಂ, ಏಳರ ತನಕ ಸರಿ ಬರ್ತತ್ರಿ. ಎಂಟು ಕೊಟ್ರೆ ಮೈನಸ್ ಬರ್ತತ್ರಿ."

1992ರ ಮಳೆಗಾಲ. ಮೆಕ್ಕೆಜೋಳದ ಹೊಲಗಳ ನಡುವೆ ಇದ್ದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಹರಪನಹಳ್ಳಿ ಕಡೆಯ ಹುಡುಗನೊಬ್ಬ ಎದ್ದು ನಿಂತಿದ್ದ. ಟರ್ಬೊ ಸಿಯ ನೀಲಿ ಪರದೆಯ ಮೇಲೆ ಫ್ಯಾಕ್ಟೋರಿಯಲ್ ಪ್ರೋಗ್ರಾಂ. ಎಂಟಕ್ಕೆ 40320 ಬರಬೇಕಾದಲ್ಲಿ -25216 ಬಂದಿತ್ತು. ಅವನ ಕೈಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿದ ಒಂದು ಹಾಳೆ. ಪ್ರತಿ ಸುತ್ತಿನಲ್ಲಿ ಯಾವ ವೇರಿಯಬಲ್‌ನ ಬೆಲೆ ಎಷ್ಟು ಎಂದು ಅದರಲ್ಲಿ ಮೊದಲೇ ಬರೆದುಕೊಂಡು ಬಂದಿದ್ದ. ಹಾಳೆ ಸರಿಯಿತ್ತು, ಯಂತ್ರದ ಲೆಕ್ಕ ತಪ್ಪಿತ್ತು. ಹಾಗೆ ಎದೆ ತಟ್ಟಿ ಹೇಳುವ ಧೈರ್ಯ ಅವನಿಗೆ ಆ ಹಾಳೆಯಿಂದ ಬಂದದ್ದು.

ಕಾರಣ ಹೇಳಿದೆ. ಟರ್ಬೊ ಸಿಯಲ್ಲಿ ಒಂದು ಇಂಟ್‌ಗೆ 16 ಬಿಟ್‌ಗಳಷ್ಟೇ ಜಾಗ. 32767 ದಾಟಿತೆಂದರೆ ಎಣಿಕೆ ಗಾಣದೆತ್ತಿನ ಹಾಗೆ ಸುತ್ತು ಹಾಕಿ ಋಣದ ಕಡೆಗೆ ಬಂದು ನಿಲ್ಲುತ್ತದೆ. 40320ರಲ್ಲಿ 65536 ಕಳೆದು ನೋಡು ಎಂದೆ. ಹುಡುಗ ಅಲ್ಲೇ ಹಾಳೆಯ ಅಂಚಿನಲ್ಲಿ ಕಳೆದ. ಬಂದ ಸಂಖ್ಯೆಯನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಆಗ ನಮ್ಮಲ್ಲಿ ಹುಡುಗರು ಅರವತ್ತು, ಕೆಲಸ ಮಾಡುವ ಪಿಸಿಗಳು ಹತ್ತು. ಚಪ್ಪಲಿ ಹೊರಗೆ ಬಿಟ್ಟು, 360 ಕೆಬಿಯ ಫ್ಲಾಪಿಯನ್ನು ಪುಸ್ತಕದ ನಡುವೆ ಮಡಚದ ಹಾಗೆ ಇಟ್ಟುಕೊಂಡು ಬರಬೇಕು. ನಡುವೆ ಕರೆಂಟ್ ಹೋದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ಹಾಗಾಗಿ ಒಂದು ನಿಯಮ ಮಾಡಿದ್ದೆ: ಆ ಹುಡುಗನ ಕೈಯಲ್ಲಿದ್ದಂಥ ಡ್ರೈ ರನ್ ಹಾಳೆಗೆ ನನ್ನ ಸಹಿ ಬೀಳದೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಯಂತ್ರ ಕಡಿಮೆ ಇದ್ದುದಕ್ಕೆ ಮಾಡಿದ ನಿಯಮ ಅದು. ಪಾಠದ ಜೀವವೇ ಅದರಲ್ಲಿತ್ತು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನಿಯಮವೂ ನನ್ನದಲ್ಲ, ನನ್ನ ಗುರುಗಳದ್ದು. ಎಂಬತ್ತರ ದಶಕದಲ್ಲಿ ನಾನು ವಿ. ರಾಜಾರಾಮನ್ ಅವರ ಪುಸ್ತಕ ಹಿಡಿದು ಫೋರ್ಟ್ರಾನ್ ಕಲಿಯುವಾಗ ಪಂಚ್ ಕಾರ್ಡಿನ ಕಾಲ ಮುಗಿಯುತ್ತಾ ಬಂದಿತ್ತು. ನಮ್ಮ ಮೇಷ್ಟ್ರು ಮಾತ್ರ ಅದರಲ್ಲೇ ಬೆಳೆದವರು. ಒಂದು ಸಾಲಿಗೆ ಒಂದು ಕಾರ್ಡು, ಕಾರ್ಡಿಗೆ 80 ಕಾಲಂ. ಕಟ್ಟು ಕೊಟ್ಟು ಬಂದರೆ ಪ್ರಿಂಟೌಟ್ ಸಿಗುವುದು ಮರುದಿನ. ಒಂದು ಅಲ್ಪವಿರಾಮ ಬಿಟ್ಟರೆ ಒಂದು ದಿನವೇ ಹಾಳು. ಹಾಗಾಗಿ ಅವರು ಕಾರ್ಡು ಕೊಡುವ ಮೊದಲು ಅಚ್ಚುಮನೆಯ ಕರಡು ತಿದ್ದುವವರ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ನಾವು ಟರ್ಮಿನಲ್ ಮುಂದೆ ಕೂತ ಮೇಲೂ ಅವರು ಬೆರಳು ಎತ್ತಲಿಲ್ಲ.

ಸಿ ಭಾಷೆಯ ಪಾಠದಲ್ಲಿ ಹುಡುಗರು ಹೆದರುತ್ತಿದ್ದುದು ಪಾಯಿಂಟರಿಗೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಭಯವೂ ಸೇರಿ ಎರಡು ಹೊರೆ. ಒಂದು ದಿನ ಇಂಗ್ಲಿಷ್ ಬದಿಗಿಟ್ಟು ಪಹಣಿಯ ಮಾತು ತೆಗೆದೆ. ಪಹಣಿಯೊಳಗೆ ಹೊಲ ಇರುವುದಿಲ್ಲ, ಹೊಲದ ಸರ್ವೆ ನಂಬರ್ ಇರುತ್ತದೆ. ಪಾಯಿಂಟರ್ ಎಂದರೆ ಆ ಕಾಗದ. ಅದರ ನಂಬರ್ ಹಿಡಿದು ಹೋಗಿ ಹೊಲ ಉಳಬಹುದು. ಇಬ್ಬರ ಕೈಯಲ್ಲಿ ಒಂದೇ ಹೊಲದ ಪಹಣಿಯ ಪ್ರತಿ ಇದ್ದರೆ ಒಬ್ಬ ಬಿತ್ತಿದ್ದು ಇನ್ನೊಬ್ಬನಿಗೂ ಕಾಣುತ್ತದೆ. "ಸರಿ, ಹೊಲ ಮಾರಿಯಾಯ್ತು. ಹಳೇ ಪಹಣಿ ಹಿಡ್ಕೊಂಡು ಉಳೋಕೆ ಹೋದರೆ?" ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಕೇಸ್ ಬೀಳ್ತತ್ರಿ ಮೇಡಂ!" ಮೆಮೊರಿಯನ್ನು ಬಿಟ್ಟುಕೊಟ್ಟ ಮೇಲೂ ಪಾಯಿಂಟರ್ ಬಳಸಿದರೆ ಆಗುವ ಅನಾಹುತವನ್ನು ಆ ತರಗತಿಗೆ ನಾನು ಮತ್ತೆ ವಿವರಿಸಬೇಕಾಗಲಿಲ್ಲ. ಜಮೀನಿನ ವ್ಯಾಜ್ಯ ಕಂಡ ಮನೆಯ ಮಕ್ಕಳಿಗೆ ಇಂಗ್ಲಿಷ್ ಪುಸ್ತಕದ ಬಾಣದ ಗುರುತಿನ ಚಿತ್ರಕ್ಕಿಂತ ಇದು ಹತ್ತಿರ.

ಆಮೇಲೆ ವೈಟುಕೆ ಬಂತು. 1997ರಿಂದ ಮೂರು ವರ್ಷ ನಮ್ಮ ಹುಡುಗರು ಗುಂಪು ಗುಂಪಾಗಿ ಬೆಂಗಳೂರಿನ ಬಸ್ಸು ಹತ್ತಿದರು. ಕೋಬಾಲ್ ಹಳತಾಯಿತೆಂದು ನಾವು ಪಾಠದಲ್ಲಿ ಓಡಿಸಿಬಿಡುತ್ತಿದ್ದೆವು. ಇದ್ದಕ್ಕಿದ್ದಂತೆ ಅದಕ್ಕೇ ಬೇಡಿಕೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಂಗಳಿಗೆ 00 ಎಂದರೆ 1900ರೋ 2000ರೋ ತಿಳಿಯುವುದಿಲ್ಲ. ಅಂಥ ಸಾಲುಗಳನ್ನು ಹುಡುಕಿ ತಿದ್ದುವ ಕೆಲಸ. 1999ರ ಗಣೇಶನ ಹಬ್ಬಕ್ಕೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಕೂತು, "ಎರಡು ವರ್ಷ ಆಯ್ತು ಮೇಡಂ, ಒಂದು ಹೊಸ ಪ್ರೋಗ್ರಾಂ ಬರೆದಿಲ್ಲ. ನಾನು ಹುಟ್ಟೋಕೆ ಮುಂಚೆ ಯಾರೋ ಬರೆದದ್ದನ್ನ ದಿನಾ ಓದೋದೇ ಕೆಲಸ" ಎಂದ. ನೊಂದುಕೊಂಡೇ ಹೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಲ್ಕು ವರ್ಷ ಇವನಿಗೆ ಬರೆಯುವುದನ್ನು ಕಲಿಸಿದ್ದೆವು. ಇನ್ನೊಬ್ಬರು ಬರೆದದ್ದನ್ನು ಓದುವುದು ಹೇಗೆಂದು ಒಂದು ಗಂಟೆಯೂ ಕಲಿಸಿರಲಿಲ್ಲ.

ಅಷ್ಟು ಹೊತ್ತಿಗೆ ಲ್ಯಾಬಿನಲ್ಲಿ ತಲೆಗೊಂದು ಪಿಸಿ ಬಂದಿತ್ತು. ಸಹಿಯ ನಿಯಮ ಯಾರೂ ತೆಗೆದುಹಾಕದೆಯೇ ತಾನಾಗಿ ಸತ್ತಿತ್ತು. ಅದರ ಜಾಗಕ್ಕೆ ಬಂದದ್ದು ಕಂಠಪಾಠ. ಲ್ಯಾಬ್ ಪರೀಕ್ಷೆಗೆ ಇಂತಿಷ್ಟೇ ಪ್ರೋಗ್ರಾಂಗಳ ಪಟ್ಟಿ. ಚೀಟಿ ಎತ್ತಿದಾಗ ಬಂದದ್ದನ್ನು ಬರೆದು ಓಡಿಸಬೇಕು. ಮಕ್ಕಳು ಸೆಮಿಕೋಲನ್ ಸಮೇತ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ನಡುವಿನ ಒಂದು ಸಾಲು ಮರೆತರೆ ಮಂತ್ರ ತಪ್ಪಿದ ಹಾಗೆ ಮೊದಲಿನಿಂದ ಶುರು. ರೆಕಾರ್ಡ್ ಪುಸ್ತಕ ಹಿಂದಿನ ವರ್ಷದವರದ್ದರ ನಕಲು, ಅದರ ತಪ್ಪುಗಳ ಸಮೇತ. ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಹಾಗೆ ಪ್ರಶ್ನೆ ಕೇಳಿದವರು, ಹಾಗೆ ಅಂಕ ಕೊಟ್ಟವರು ನಾವು.

ನನ್ನದೇ ಒಂದು ತಪ್ಪು ಇಲ್ಲಿ ಹೇಳಬೇಕು. 2001ರಲ್ಲಿ ಒಂದು ಟೆಸ್ಟಿಗೆ ಪ್ರಶ್ನೆ ಕೊಟ್ಟಿದ್ದೆ: ಐ ಬೆಲೆ 5 ಇದ್ದಾಗ ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಐ, ಐ ಪ್ಲಸ್‌ಪ್ಲಸ್, ಪ್ಲಸ್‌ಪ್ಲಸ್ ಐ ಕೊಟ್ಟರೆ ಏನು ಅಚ್ಚಾಗುತ್ತದೆ? ನನ್ನ ಉತ್ತರ 7 6 6. ಟರ್ಬೊ ಸಿಯಲ್ಲಿ ಓಡಿಸಿಯೇ ಬರೆದುಕೊಂಡದ್ದು. ಒಬ್ಬಳು ಹುಡುಗಿ 7 6 7 ಬರೆದಿದ್ದಳು. ಅಂಕ ಕಳೆದೆ. ಸಂಜೆ ಅವಳು ಬಂದು, ಪತ್ರಿಕೆಯ ಜತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡಿದ್ದ ಯಂತ್ರದ ಮುಂದೆ ನನ್ನನ್ನು ಕೂರಿಸಿ ಜಿಸಿಸಿಯಲ್ಲಿ ಓಡಿಸಿ ತೋರಿಸಿದಳು. 7 6 7. "ಯಾವುದು ಸರಿ ಮೇಡಂ?" ಎಂದಳು. ಮನೆಗೆ ಹೋಗಿ ಕರ್ನಿಗನ್ ಮತ್ತು ರಿಚಿ ಪುಸ್ತಕ ತೆಗೆದೆ. ಎರಡನೇ ಅಧ್ಯಾಯದಲ್ಲೇ ಎಚ್ಚರಿಕೆ ಇತ್ತು: ಒಂದು ಕರೆಯೊಳಗಿನ ಮೌಲ್ಯಗಳನ್ನು ಯಾವ ಕ್ರಮದಲ್ಲಿ ಲೆಕ್ಕ ಹಾಕಬೇಕೆಂದು ಭಾಷೆ ಹೇಳುವುದಿಲ್ಲ, ಅದನ್ನು ನಂಬಿ ಬರೆಯಬೇಡಿ ಎಂದು. ಪ್ರಶ್ನೆಯೇ ತಪ್ಪು, ಅದಕ್ಕೆ ಉತ್ತರವೇ ಇಲ್ಲ. ಹತ್ತು ವರ್ಷ ಆ ಪುಸ್ತಕ ಹಿಡಿದು ಪಾಠ ಹೇಳಿದವಳು ಆ ಪುಟವನ್ನು ನಿಂತು ಓದಿರಲಿಲ್ಲ. ಮರುದಿನ ತರಗತಿಯಲ್ಲಿ ಹಾಗೇ ಹೇಳಿ ಎಲ್ಲರಿಗೂ ಆ ಅಂಕ ಕೊಟ್ಟೆ.

ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠದ ಕಥೆಯೂ ಇದೇ. ಜಲಪಾತದ ಮಾದರಿ ಎಂದು ಒಂದರ ಕೆಳಗೊಂದು ಡಬ್ಬಿ ಬರೆದು ಬಾಣ ಎಳೆದರೆ ಹತ್ತು ಅಂಕ ಖಾತ್ರಿ. ಆ ಚಿತ್ರದ ಮೂಲ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧ. ಎಷ್ಟೋ ವರ್ಷದ ಮೇಲೆ ಅದು ನನ್ನ ಕೈಗೆ ಸಿಕ್ಕಿತು. ಹೀಗೆ ನೇರ ಇಳಿದುಕೊಂಡು ಹೋದರೆ ಕೆಲಸ ಕೆಡುತ್ತದೆ, ಪರೀಕ್ಷೆಯ ಹಂತದಲ್ಲಿ ತಪ್ಪು ಕಂಡು ಹಿಂದಕ್ಕೆ ಹತ್ತಬೇಕಾಗುತ್ತದೆ ಎಂದು ರಾಯ್ಸ್ ಅದರಲ್ಲೇ ಎಚ್ಚರಿಸಿದ್ದಾರೆ. ಅವರು ಅಪಾಯ ಎಂದು ತೋರಿಸಿದ್ದನ್ನು ನಾವು ದಾರಿ ಎಂದು ಕಲಿಸುತ್ತಿದ್ದೆವು.

ಅಲ್ಲಿಂದ ಮುಂದೆ ನನ್ನ ಪಾಠ ಬೇರೆಯಾಯಿತು. ಅಂತಿಮ ವರ್ಷದವರ ಪ್ರಾಜೆಕ್ಟುಗಳು ರಟ್ಟು ಹಾಕಿಸಿಕೊಂಡು ಕಪಾಟು ಸೇರಿ ಧೂಳು ತಿನ್ನುತ್ತಿದ್ದವು. ಕೆಲವನ್ನಂತೂ ಬೆಂಗಳೂರಿನಿಂದ ದುಡ್ಡು ಕೊಟ್ಟು ತಂದಿರುತ್ತಿದ್ದರು. ಅವನ್ನು ಹೊರಗೆ ತೆಗೆಸಿ ಮೂರನೇ ವರ್ಷದವರಿಗೆ ಹಂಚಿದೆ. ಕೆಲಸ ಇಷ್ಟೇ: ಇದನ್ನು ಓಡಿಸಿ, ಒಂದು ಸಣ್ಣ ಬದಲಾವಣೆ ಮಾಡಿ. ಮೊದಲ ಸಲ ಕೊಟ್ಟದ್ದು ಗ್ರಂಥಾಲಯದ ಪ್ರೋಗ್ರಾಂ, ವಿಷುವಲ್ ಬೇಸಿಕ್‌ನದ್ದು. ಪುಸ್ತಕ ತಡಮಾಡಿದರೆ ದಿನಕ್ಕೆ 50 ಪೈಸೆ ಇದ್ದ ದಂಡವನ್ನು ಒಂದು ರೂಪಾಯಿ ಮಾಡಬೇಕು. ನಾಲ್ವರು ಮಕ್ಕಳು, ಎರಡು ವಾರ. 50 ಪೈಸೆ ಎಂಬ ಸಂಖ್ಯೆ ಹನ್ನೊಂದು ಕಡೆ ಬರೆದಿತ್ತು. ಹತ್ತು ಕಡೆ ಬದಲಿಸಿ ಗೆದ್ದೆವೆಂದುಕೊಂಡರು. ಹನ್ನೊಂದನೆಯದು ರಸೀದಿ ಅಚ್ಚು ಮಾಡುವ ಫಾರ್ಮಿನಲ್ಲಿ ಅಡಗಿತ್ತು. ಲೈಬ್ರರಿಯವರು ಒಂದು ರೂಪಾಯಿ ವಸೂಲಿ ಮಾಡಿ 50 ಪೈಸೆಗೆ ರಸೀದಿ ಕೊಟ್ಟಾಗ ಗೊತ್ತಾಯಿತು.

ಆ ವರ್ಷ ಆ ನಾಲ್ವರು ಬರೆದ ಪ್ರಾಜೆಕ್ಟಿನಲ್ಲಿ ಒಂದು ದರವೂ ಎರಡು ಕಡೆ ಇರಲಿಲ್ಲ. ನಾನು ಹೇಳಿಕೊಟ್ಟದ್ದಲ್ಲ. ಇದನ್ನು ಮುಂದಿನ ವರ್ಷ ಯಾರೋ ಬಿಚ್ಚಿ ಓದುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಕಾಮೆಂಟುಗಳನ್ನು ಪತ್ರ ಬರೆದ ಹಾಗೆ ಬರೆದಿದ್ದರು. ಒಂದು ಕಡೆ ಕನ್ನಡದ್ದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ: ಈ ಸಾಲು ತೆಗೆಯಬೇಡಿ, ಯಾಕೆ ಅಂತ ಕೆಳಗೆ ನೋಡಿ.

ಜಾವಾ ಬಂತು, ಪೈಥಾನ್ ಬಂತು. ಭಾಷೆ ಬದಲಾದಾಗಲೆಲ್ಲ ಅಧ್ಯಾಪಕರ ಕೋಣೆಯಲ್ಲಿ ಜಗಳಗಳಾದವು. ಅವು ಈಗ ಮುಖ್ಯವಲ್ಲ. ಗಿಟ್ ಬಂದದ್ದು ನಿಜವಾಗಿ ದೊಡ್ಡದು. ಯಾರು ಯಾವ ಸಾಲನ್ನು ಯಾವ ದಿನ ಯಾಕೆ ಬದಲಿಸಿದರು ಎಂಬುದು ಕಾಣುವಂತಾಯಿತು. ಅದಕ್ಕೆ ಮೊದಲು ಪೆನ್‌ಡ್ರೈವಿನಲ್ಲಿ ಫೈನಲ್, ಫೈನಲ್ ನ್ಯೂ, ಫೈನಲ್ ನ್ಯೂ 2 ಎಂಬ ಫೋಲ್ಡರುಗಳಿರುತ್ತಿದ್ದವು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಸಿಗ್ನಲ್ ಸಿಗುವ ಹೊಲದ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಸಿ ಪ್ರೋಗ್ರಾಂ ಟೈಪ್ ಮಾಡಿದರು. ಒಂದು { ಚಿಹ್ನೆಗೆ ಮೂರು ಸಲ ಕೀಬೋರ್ಡ್ ಬದಲಿಸಬೇಕು. ಆ ಮಕ್ಕಳ ತಾಳ್ಮೆಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಆರು ತಿಂಗಳಲ್ಲಿ ನಮ್ಮ ಅಸೈನ್‌ಮೆಂಟುಗಳೆಲ್ಲ ಅರ್ಥ ಕಳೆದುಕೊಂಡವು. ಕೇಳಿದ ಪ್ರೋಗ್ರಾಂ ಅರೆಗಳಿಗೆಯಲ್ಲಿ, ನಮ್ಮ ಮಕ್ಕಳು ಬರೆಯುವುದಕ್ಕಿಂತ ಒಪ್ಪವಾಗಿ ಸಿಗುತ್ತದೆ. ಕಿರಿಯ ಸಹೋದ್ಯೋಗಿಗಳು ಕಂಗಾಲಾಗಿದ್ದರು. ನನಗೆ ಮಾತ್ರ 1999ರ ಗಣೇಶನ ಹಬ್ಬ ನೆನಪಾಯಿತು. ಸ್ಟೋರಿನಿಂದ ಬಿಳಿ ಹಾಳೆ, ಪೆನ್ಸಿಲ್ ತರಿಸಿದೆ. ಯಂತ್ರದಿಂದ ಏನು ಬೇಕಾದರೂ ಬರೆಸಿಕೊಂಡು ಬನ್ನಿ, ಆದರೆ ವೈವಾದಲ್ಲಿ ಹಾಳೆಯ ಮೇಲೆ ನೀವೇ ಅದನ್ನು ಓಡಿಸಬೇಕು ಎಂದೆ.

ಮೊದಲ ದಿನ ಬಂದವಳು ಪೈಥಾನ್‌ನಲ್ಲೇ ಪ್ರೋಗ್ರಾಮಿಂಗ್ ಕಲಿತ ಹುಡುಗಿ. ಪೈಥಾನಿನಲ್ಲಿ ಐವತ್ತರ ಫ್ಯಾಕ್ಟೋರಿಯಲ್ ಕೇಳಿದರೂ ಪೂರ್ತಿ ಅಂಕಿಗಳು ಬರುತ್ತವೆ. ಜಾಗ ಸಾಲದೆ ಹೋಗುವ ಸಂಖ್ಯೆಯನ್ನು ಅವಳು ಎಂದೂ ಕಂಡವಳಲ್ಲ. ಅವಳು ತಂದದ್ದು ಸಿಯಲ್ಲಿ ಬೈನರಿ ಸರ್ಚ್. ಲೋ ಮತ್ತು ಹೈ ಕೂಡಿಸಿ ಎರಡರಿಂದ ಭಾಗಿಸಿ ನಡುವಿನ ಜಾಗ ಹುಡುಕುವ ಸಾಲು ಅದರಲ್ಲಿತ್ತು. ಹತ್ತು ಸಂಖ್ಯೆಗಳಿಗೆ ಓಡಿಸಿದಳು, ಸರಿ ಬಂತು. "ಪಟ್ಟಿ ಇನ್ನೂರು ಕೋಟಿ ಉದ್ದ ಇದ್ದರೆ?" ಎಂದೆ. ಅವಳು ಇಂಟ್ ಎಂದರೆ ಇಲ್ಲಿ 32 ಬಿಟ್, ಹೆಚ್ಚೆಂದರೆ 2147483647 ಎಂದು ಅಂಚಿನಲ್ಲಿ ಬರೆದುಕೊಂಡಳು. ಲೋ ಕೆಳಗೆ 1500000000, ಹೈ ಕೆಳಗೆ 2000000000. ಕೂಡಿಸಿದಳು. ಪೆನ್ಸಿಲ್ ನಿಂತಿತು.

"ಮೇಡಂ, ಇದು ಹಿಡಿಸಲ್ಲ."

"ಹಿಡಿಸದೆ ಇದ್ದರೆ ಎಲ್ಲಿಗೆ ಹೋಗತ್ತೆ, ನೋಡು."

ಬಹಳ ಹೊತ್ತು ಹಾಳೆಯ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿದಳು. ನಾನು ಏನೂ ಹೇಳಲಿಲ್ಲ. ಕೊನೆಗೆ -794967296 ಎಂದು ಬರೆದು, ಮೈನಸ್ ಗುರುತಿನ ಮೇಲೆ ಇನ್ನೊಮ್ಮೆ ಪೆನ್ಸಿಲ್ ಆಡಿಸಿ ಗಟ್ಟಿ ಮಾಡಿ, ತಲೆ ಎತ್ತಿದಳು.