ಕೈಗಾದವರನ್ನು ಮೊದಲೇ ಕೇಳಬಹುದಿತ್ತು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕರೆಂಟು ಹೋದರೆ ತಕ್ಷಣ ಗೊತ್ತಾಗುತ್ತೆ. ಶೆಡ್ಡುಗಳ ಸದ್ದು ನಿಲ್ಲುತ್ತೆ, ಒಂದಾದ ಮೇಲೊಂದು ಜನರೇಟರ್ ಕೆಮ್ಮುತ್ತಾ ಶುರುವಾಗುತ್ತೆ, ಡೀಸೆಲ್ ವಾಸನೆ ರಸ್ತೆವರೆಗೂ ಬರುತ್ತೆ. ವಿದ್ಯುತ್ ಬೇಕೇ ಬೇಕು, ಎರಡು ಮಾತಿಲ್ಲ.

ಆದರೆ ಅದು ಹುಟ್ಟುವ ಊರಿನವರ ಮಾತು? ಕಾರವಾರ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. 700 ಮೆಗಾವಾಟ್‌ನ ಇನ್ನೆರಡಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಊರವರ ಅಹವಾಲು ಸಭೆ ನಡೆದದ್ದು 2018ರ ಡಿಸೆಂಬರ್‌ನಲ್ಲಿ! ದಿಲ್ಲಿ ಹೂಂ ಅಂದ ಮೇಲೆ ಕಾಳಿ ನದಿ ದಂಡೆಯವರನ್ನು ಕೇಳುವ ಈ ಕ್ರಮ ನನಗೆ ಸರಿಕಾಣುವುದಿಲ್ಲ.

ಅವರ ಭಯಕ್ಕೆ ಬುಡವಿಲ್ಲ ಅನ್ನಬೇಡಿ. 1994ರ ಮೇ ತಿಂಗಳಲ್ಲಿ, ಮೊದಲ ಘಟಕ ಕಟ್ಟುವಾಗಲೇ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ, ಪುಣ್ಯ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಅದೇ ಘಟಕ 2018ರಲ್ಲಿ 962 ದಿನ ಬಿಡದೆ ಓಡಿ ದಾಖಲೆ ಮಾಡಿತು. ಎಂಜಿನಿಯರುಗಳ ಆ ಸಾಧನೆಯೂ ನಿಜ, ಸಾಹಿತಿ ಶಿವರಾಮ ಕಾರಂತರನ್ನು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಲ್ಲಿಸಿದ ಆ ಆತಂಕವೂ ನಿಜ.

ಮುಂದಿನ ಸ್ಥಾವರಕ್ಕೆ ಜಾಗ ಗುರುತಿಸುವ ಮೊದಲೇ ಸಭೆ ನಡೆಯಲಿ. ಬರೀ ಸಾರಾಂಶವಲ್ಲ, ಪರಿಸರ ಪರಿಣಾಮದ ಪೂರ್ತಿ ವರದಿ ಕನ್ನಡದಲ್ಲೇ ಊರವರ ಕೈಗೆ ಸಿಗಲಿ.