ಅಟ್ಟದಿಂದಿಳಿದ ಧ್ವನಿಯಂತ್ರ



ನಮ್ಮ ಮನೆಗಳ ಪಡಸಾಲೆಯಲ್ಲಿ ಹಿರಿಯರ ಭಾವಚಿತ್ರಗಳು ತೂಗುತ್ತಿರುತ್ತವೆ. ವರುಷಕ್ಕೊಮ್ಮೆ ಅವುಗಳ ಧೂಳು ಒರೆಸಿ ಹೂವು ಏರಿಸುತ್ತೇವೆ. ಮುಖವನ್ನು ಹೀಗೆ ಉಳಿಸಿಕೊಂಡ ನಾವು ಅವರ ಧ್ವನಿಯನ್ನು ಉಳಿಸಿಕೊಂಡದ್ದು ಬಲು ಅಪರೂಪ. ಎಲ್ಲೋ ಕೆಲವು ಮನೆಗಳಲ್ಲಿ ಅಂಥ ಧ್ವನಿ ಉಳಿದಿದ್ದರೂ ಅದು ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಕಂದು ಬಣ್ಣದ ಟೇಪಿನ ಸುರುಳಿಯಾಗಿ ಮೌನವಾಗಿ ಬಿದ್ದಿರುತ್ತದೆ. ಅಂಥದೊಂದು ಸುರುಳಿಯ ಕಥೆಯನ್ನೂ, ಅದರಲ್ಲಿ ಅಡಗಿದ್ದ ನನ್ನದೇ ಎರಡು ತಪ್ಪುಗಳನ್ನೂ ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದು ಈ ಲೇಖನಕ್ಕೆ ಕೈಹಚ್ಚಿದ್ದೇನೆ.

ನನ್ನ ದೊಡ್ಡಪ್ಪನವರು ಹುಬ್ಬಳ್ಳಿಯಲ್ಲಿ ಬಟ್ಟೆಯ ವ್ಯಾಪಾರಿಗಳಾಗಿದ್ದರು. ೧೯೬೩ರಲ್ಲಿ ಅವರು ಮುಂಬಯಿಯ ಪರಿಚಿತರೊಬ್ಬರ ಮೂಲಕ ಜರ್ಮನಿಯಲ್ಲಿ ತಯಾರಾದ ಒಂದು ಟೇಪ್ ರೆಕಾರ್ಡರನ್ನು ತರಿಸಿದ್ದರು. ಅದು ವಾಲ್ವುಗಳ ಯಂತ್ರ. ಹಚ್ಚಿದ ಕೂಡಲೇ ಮಾತನಾಡುತ್ತಿರಲಿಲ್ಲ. ಗಾಜಿನ ಕೊಳವೆಗಳೊಳಗಿನ ತಂತಿ ಕೆಂಪಾಗಿ ಕಾಯುವವರೆಗೆ ಅರ್ಧ ನಿಮಿಷ ಕಾಯಬೇಕಾಗಿತ್ತು. ಅನಂತರ ಮುಂಭಾಗದ ಹಸಿರು ಕಣ್ಣು ಮೆಲ್ಲಗೆ ಬೆಳಗುತ್ತಿತ್ತು. ಆಗ ನಾನು ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಬಾಲಕ. ಪ್ರತಿ ರವಿವಾರ ದೊಡ್ಡಪ್ಪನವರ ಮನೆಗೆ ಹೋಗುತ್ತಿದ್ದೆನಾದರೂ, ಆ ಸೆಳೆತದಲ್ಲಿ ದೊಡ್ಡವ್ವನ ಹೋಳಿಗೆಯದೆಷ್ಟು, ಆ ಹಸಿರು ಕಣ್ಣಿನದೆಷ್ಟು ಎಂಬುದನ್ನು ಇಂದಿಗೂ ಹೇಳಲಾರೆ.

೧೯೮೧ರಲ್ಲಿ ದೊಡ್ಡಪ್ಪನವರು ಲಿಂಗೈಕ್ಯರಾದರು. ಅಷ್ಟರಲ್ಲಿ ಕ್ಯಾಸೆಟ್ ಯಂತ್ರಗಳು ಮನೆಮನೆಗೆ ಬಂದಿದ್ದವು. ೧೯೮೪ರಲ್ಲಿ, ಭೌತಶಾಸ್ತ್ರದ ಉಪನ್ಯಾಸಕನಾಗಿದ್ದ ನಾನು, ಮೂಲೆಗೆ ಬಿದ್ದಿದ್ದ ಆ ಯಂತ್ರವನ್ನು ಬಿಚ್ಚಿ ಅದರ ವಾಲ್ವುಗಳನ್ನೂ ಧ್ವನಿವರ್ಧಕಕ್ಕೆ ಹೋಗುವ ಟ್ರಾನ್ಸ್‌ಫಾರ್ಮರನ್ನೂ ಕಿತ್ತುಕೊಂಡು, ನನ್ನ ಗ್ರಾಮೋಫೋನ್ ತಟ್ಟೆಗಳಿಗಾಗಿ ಒಂದು ಆಂಪ್ಲಿಫಯರ್ ಕಟ್ಟಿಕೊಂಡೆ. ಅದು ಚೆನ್ನಾಗಿಯೇ ಹಾಡಿತು. ನಿರುಪಯುಕ್ತವಾದುದನ್ನು ಉಪಯುಕ್ತವನ್ನಾಗಿ ಮಾಡಿದೆನೆಂಬ ಹೆಮ್ಮೆ ನನಗಿತ್ತು. ಉಳಿದ ಕಳೇಬರವನ್ನು ಗುಜರಿಗೆ ಹಾಕೋಣವೆಂದಾಗ ಮಾತ್ರ ದೊಡ್ಡವ್ವನವರು ಒಪ್ಪಲಿಲ್ಲ. "ಇರಲಿ ಬಿಡಪಾ, ಅವರು ತಂದದ್ದು" ಎಂದು ಅದನ್ನು ಅಟ್ಟಕ್ಕೆ ಏರಿಸಿದರು. ಇದು ನನ್ನ ಮೊದಲನೆಯ ತಪ್ಪು. ಆದರೆ ಇದು ತಪ್ಪೆಂದು ನನಗೆ ತಿಳಿಯಲು ಮೂವತ್ತನಾಲ್ಕು ವರುಷಗಳು ಬೇಕಾದವು.

೨೦೧೮ರಲ್ಲಿ ದೊಡ್ಡವ್ವನವರಿಗೆ ತೊಂಬತ್ತು ತುಂಬಿತು. ಆ ಸಂದರ್ಭದಲ್ಲಿ ನಾನು ಅವರನ್ನು ಕಾಣಲು ಹೋದಾಗ, ಮರಿಮಗಳೊಬ್ಬಳು ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಹಿಡಿದು, ಇದೇನೆಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ದೊಡ್ಡವ್ವನವರು, "ಇದರಾಗ ನಮ್ಮವ್ವ ಅದಾಳ" ಎಂದರು. ಒಳಗೆ ಐದು ಅಂಗುಲದ ಒಂದು ಸುರುಳಿ ಇತ್ತು. ಅದರ ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡಪ್ಪನವರ ಅಕ್ಷರದಲ್ಲಿ, "ಅತ್ತೆಯವರ ಬೀಸುವ ಪದ, ಶ್ರಾವಣ, ೧೯೬೪" ಎಂದು ಶಾಯಿಯಲ್ಲಿ ಬರೆದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, "ನಡುವೆ ಮಗ್ಗಿ" ಎಂಬ ಎರಡು ಶಬ್ದಗಳಿದ್ದವು. ಆ ಶಬ್ದಗಳ ಅರ್ಥ ನನಗಾಗಲಿಲ್ಲ.

ಯಂತ್ರವೇ ಕೆಟ್ಟ ಮೇಲೆ ಧ್ವನಿಯೂ ಹೋಯಿತೆಂದು ದೊಡ್ಡವ್ವನವರು ಭಾವಿಸಿದ್ದರು. ಯಂತ್ರ ಕೆಟ್ಟಿರಲಿಲ್ಲ, ನಾನು ಕೆಡಿಸಿದ್ದೆ. ಆ ದಿನವೇ ಅಟ್ಟ ಹತ್ತಿ ಅದನ್ನು ಇಳಿಸಿದೆ.

ಇಲ್ಲಿ ಈ ಯಂತ್ರದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಧ್ವನಿಯನ್ನು ಅಯಸ್ಕಾಂತದ ಗುರುತಾಗಿ ಹಿಡಿದಿಡಬಹುದೆಂದು ಮೊದಲು ಸಾಧಿಸಿ ತೋರಿಸಿದವರು ಡೆನ್ಮಾರ್ಕಿನ ವಾಲ್ಡೆಮಾರ್ ಪೋಲ್ಸನ್, ಅದು ೧೮೯೮ರಲ್ಲಿ. ಅವರು ಬಳಸಿದ್ದು ಉಕ್ಕಿನ ತಂತಿ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ತಂತಿಯ ಮೇಲೆ ಮುದ್ರಿತವಾದ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಮಾತು ಇಂದಿಗೂ ಉಳಿದಿದೆ. ೧೯೨೮ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಎಂಬವರು ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಲೇಪಿಸಿ ಟೇಪಿಗೆ ಜನ್ಮ ಕೊಟ್ಟರು. ೧೯೩೫ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಟೇಪಿನ ಯಂತ್ರ ಜನರೆದುರಿಗೆ ಬಂದಿತು. ೧೯೪೦ರಲ್ಲಿ, ನಮ್ಮ ಕಿವಿಗೆ ಕೇಳಿಸದಷ್ಟು ಶೀಘ್ರವಾಗಿ ಕಂಪಿಸುವ ವಿದ್ಯುತ್ತನ್ನು ಧ್ವನಿಯೊಡನೆ ಬೆರೆಸಿ ಮುದ್ರಿಸಿದರೆ ಗೊರಗೊರ ಸದ್ದು ಇಳಿದು ನಾದ ಶುದ್ಧವಾಗುವುದೆಂಬುದನ್ನು ವಾಲ್ಟರ್ ವೆಬರ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಕಂಡುಕೊಂಡರು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು: ಮನೆಯ ಯಂತ್ರಗಳಲ್ಲಿ ಹೊಸ ಧ್ವನಿಯನ್ನು ಶುದ್ಧಗೊಳಿಸುವ ಆ ವಿದ್ಯುತ್ತೇ ಪಕ್ಕದ ಇನ್ನೊಂದು ತಲೆಗೆ ಹರಿದು ಹಳೆಯ ಧ್ವನಿಯನ್ನು ಅಳಿಸುತ್ತದೆ. ಉಳಿಸುವುದೂ ಅಳಿಸುವುದೂ ಅಲ್ಲಿ ಒಂದೇ ಗುಂಡಿಯ ಕೆಲಸ.

ಯಂತ್ರವನ್ನು ಮೇಜಿನ ಮೇಲಿಟ್ಟು ತೆರೆದಾಗ ಕಂಡ ಅವಸ್ಥೆ ಇದು. ಒಂದು ಮೂಲೆಯಲ್ಲಿ ಇಲಿಯ ಗೂಡು. ರಬ್ಬರಿನ ಪಟ್ಟಿ ಕರಗಿ ಡಾಂಬರಿನಂತೆ ಗಾಲಿಗೆ ಅಂಟಿಕೊಂಡಿತ್ತು. ಮೋಟಾರಿನ ವೇಗವನ್ನು ದಾಟಿಸುವ ರಬ್ಬರಿನ ಚಕ್ರ, ವರುಷಾನುಗಟ್ಟಲೆ ಒಂದೇ ಕಡೆ ಒತ್ತಿ ನಿಂತು, ಕಲ್ಲಿನಂತಾಗಿ ತಗ್ಗು ಬಿದ್ದಿತ್ತು. ಕಾಗದ ಮತ್ತು ಮೇಣದಿಂದ ಮಾಡಿದ ಹಳೆಯ ಕಂಡೆನ್ಸರುಗಳು ಬಿರುಕು ಬಿಟ್ಟಿದ್ದವು. ವಾಲ್ವುಗಳ ಕುಳಿಗಳು ಖಾಲಿಯಾಗಿದ್ದವು.

ಮೊದಲು ಮಾಡಿದ ಕೆಲಸವೆಂದರೆ ನನ್ನ ಹೆಮ್ಮೆಯ ಆಂಪ್ಲಿಫಯರನ್ನು ಬಿಚ್ಚಿದ್ದು. ಇ.ಎಫ್. ೮೬, ಇ.ಸಿ.ಸಿ. ೮೩, ಇ.ಎಲ್. ೯೫ ಇವೆಲ್ಲ ಅದರಲ್ಲಿಯೇ ಇದ್ದವು. ನನ್ನ ಅದೃಷ್ಟಕ್ಕೆ ಅವುಗಳ ಜೀವ ಇನ್ನೂ ಹೋಗಿರಲಿಲ್ಲ. ಈಚಿನ ದಿನಗಳಲ್ಲಿ ಇಂಥ ವಾಲ್ವುಗಳಿಗೆ ಸಂಗೀತಪ್ರಿಯರಲ್ಲಿ ಒಳ್ಳೆಯ ಬೆಲೆ ಇದೆ. ಆ ಬೆಲೆಯ ಆಸೆಗೆ ಎಷ್ಟೋ ಟೇಪ್ ಯಂತ್ರಗಳು ಬರಿದಾಗುತ್ತಿವೆ. ನಾನು ಅದೇ ಕೆಲಸವನ್ನು ಬಹು ಮೊದಲೇ ಮಾಡಿದವನು. ಆದ್ದರಿಂದ ಇತರರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ.

ಕಂಡೆನ್ಸರುಗಳನ್ನು ಏಕೆ ಬದಲಿಸಬೇಕೆಂಬುದನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. ಒಂದು ವಾಲ್ವಿನಿಂದ ಇನ್ನೊಂದಕ್ಕೆ ಧ್ವನಿಯ ಅಲೆಯನ್ನು ಮಾತ್ರ ದಾಟಿಸಿ, ಸುಮಾರು ಇನ್ನೂರೈವತ್ತು ವೋಲ್ಟಿನ ಒತ್ತಡವನ್ನು ತಡೆದು ನಿಲ್ಲಿಸುವುದು ಅವುಗಳ ಧರ್ಮ. ಮುಪ್ಪಿನಿಂದ ಅವು ಸೋರತೊಡಗಿದರೆ ಆ ಒತ್ತಡ ಮುಂದಿನ ವಾಲ್ವಿನ ಜಾಲರಿಗೆ ನುಗ್ಗುತ್ತದೆ. ವಾಲ್ವು ಮಿತಿಮೀರಿ ಕಾದು ಸಾಯುತ್ತದೆ, ತನ್ನೊಡನೆ ಟ್ರಾನ್ಸ್‌ಫಾರ್ಮರನ್ನೂ ಒಯ್ಯುತ್ತದೆ. ವಿದ್ಯುತ್ತನ್ನು ಏಕಮುಖಗೊಳಿಸುತ್ತಿದ್ದ ಸೆಲೆನಿಯಮ್ ಫಲಕಗಳನ್ನೂ ತೆಗೆದು ಸಿಲಿಕಾನ್ ಡಯೋಡುಗಳನ್ನು ಹಾಕಿದೆ. ಡಯೋಡು ಹಳೆಯ ಫಲಕದಷ್ಟು ಒತ್ತಡವನ್ನು ತಾನು ನುಂಗುವುದಿಲ್ಲ. ಆ ಹೆಚ್ಚಳವನ್ನು ಇಳಿಸಲು ಒಂದು ರೆಸಿಸ್ಟರನ್ನೂ ಸೇರಿಸಬೇಕಾಯಿತು. ಮನೆಯ ವಿದ್ಯುತ್ತು ೨೩೦ ವೋಲ್ಟಿಗೂ ಮೇಲೇರುತ್ತಿತ್ತಾದ್ದರಿಂದ ೨೨೦ಕ್ಕೆ ಇದ್ದ ಹಿಂಬದಿಯ ಕೀಲಿಯನ್ನು ೨೪೦ಕ್ಕೆ ತಿರುಗಿಸಿದೆ. ತಗ್ಗು ಬಿದ್ದ ಚಕ್ರವನ್ನು ಮುದ್ರಣಾಲಯಗಳ ರೋಲರುಗಳಿಗೆ ರಬ್ಬರು ಹಾಕಿಕೊಡುವ ಒಬ್ಬ ಕುಶಲಕರ್ಮಿಯ ಬಳಿಗೆ ಒಯ್ದೆ. ಆತ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಮೂರು ದಿನಗಳಲ್ಲಿ ಹೊಸದರಂತೆ ಮಾಡಿಕೊಟ್ಟ.

ಇಂಥ ಯಂತ್ರವನ್ನು ಒಮ್ಮೆಲೇ ವಿದ್ಯುತ್ತಿಗೆ ಜೋಡಿಸಬಾರದು. ಅರವತ್ತು ವಾಟಿನ ಹಳೆಯ ಬಗೆಯ ಬಲ್ಬೊಂದನ್ನು ನಡುವೆ ಸರಣಿಯಲ್ಲಿ ಕಟ್ಟಿ ಹಚ್ಚಿದೆ. ಬಲ್ಬು ಪ್ರಖರವಾಗಿ ಉರಿದರೆ ಒಳಗೆಲ್ಲೋ ದೋಷವಿದೆಯೆಂದು ತಿಳಿಯಬೇಕು; ಮಂಕಾದರೆ ಮುಂದುವರಿಯಬಹುದು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಆ ಬಳಿಕ ಬಲ್ಬನ್ನು ತೆಗೆದು ನೇರವಾಗಿ ಜೋಡಿಸಿದೆ. ಅರ್ಧ ನಿಮಿಷದ ಮೇಲೆ ಹಸಿರು ಕಣ್ಣು ತೆರೆಯಿತು. ಅರವತ್ತನಾಲ್ಕರ ನಾನು ಒಂದು ಕ್ಷಣ ಹತ್ತು ವರುಷದವನಾದೆನೆಂದರೆ ಅತಿಶಯೋಕ್ತಿಯಾಗದು.

ಆಗ ದೊಡ್ಡವ್ವನವರ ಸುರುಳಿಯನ್ನು ಏರಿಸುವ ಆತುರ ನನಗಿಲ್ಲದಿರಲಿಲ್ಲ. ಆದರೆ ಮೊದಲು ಬೆಲೆಯಿಲ್ಲದ ಒಂದು ಟೇಪನ್ನು ಹಾಕಿ ನೋಡಿದೆ. ಹಾಗೆ ಮಾಡಿದ್ದು ಒಳ್ಳೆಯದಾಯಿತು. ನಿಲ್ಲಿಸುವ ಗುಂಡಿ ಒತ್ತಿದೊಡನೆ ಒಂದು ಗಾಲಿ ನಿಂತಿತು, ಇನ್ನೊಂದು ತಿರುಗುತ್ತಲೇ ಇದ್ದಿತು. ಟೇಪು ಜಗ್ಗಿ ತುಂಡಾಯಿತು. ಬ್ರೇಕಿನ ಉಣ್ಣೆಯ ತುಣುಕೊಂದು ಸವೆದಿತ್ತು. ಅದು ಅತ್ತೆಯವರ ಪದವಿದ್ದ ಟೇಪಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬ್ರೇಕು ಸರಿಪಡಿಸಿ, ನಾಲ್ಕು ದಿನ ಬೇರೆ ಟೇಪುಗಳಿಂದ ಪರೀಕ್ಷಿಸಿದೆ. ತಲೆಗಳನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಅವುಗಳಲ್ಲಿ ಉಳಿದಿರಬಹುದಾದ ಕಾಂತಶಕ್ತಿಯನ್ನೂ ಕಳೆದೆ. ಕೊನೆಗೆ, ಅಳಿಸುವ ತಲೆಯ ತಂತಿಯ ಬೆಸುಗೆ ಬಿಚ್ಚಿ, ಮುದ್ರಣದ ಗುಂಡಿ ಕೆಳಗಿಳಿಯದಂತೆ ದಾರದಿಂದ ಬಿಗಿದು ಕಟ್ಟಿದೆ. ನನ್ನ ಕೈಯ ಮೇಲೆಯೇ ನನಗೆ ನಂಬಿಕೆಯಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಯಂತ್ರವನ್ನು ದೊಡ್ಡವ್ವನವರ ಮುಂದಿಟ್ಟು ಸುರುಳಿಯನ್ನು ಏರಿಸಿದೆ. ಮೊದಲು ಗುಂಯ್ ಎಂಬ ಸದ್ದು. ಅದರ ಹಿಂದಿನಿಂದ ಬೀಸುವ ಕಲ್ಲಿನ ತಿರುಗಾಟ. ಕಲ್ಲಿಲ್ಲದೆ ಆ ಅಜ್ಜಿಗೆ ಪದ ಬಾರದೆಂದು, ಮೈಕನ್ನು ಮಡಿಸಿದ ಕಂಬಳಿಯ ಮೇಲಿಟ್ಟು ದೊಡ್ಡಪ್ಪನವರು ಮುದ್ರಿಸಿದ್ದರಂತೆ. ಆಮೇಲೆ ಧ್ವನಿ ಬಂದಿತು. ತುಸು ಒಡೆದ, ಆದರೆ ಆಯಾಸವಿಲ್ಲದ ಧ್ವನಿ. ದೊಡ್ಡವ್ವನವರು ಸೆರಗನ್ನು ಸರಿಪಡಿಸಿಕೊಂಡು, ಹಿರಿಯರೆದುರು ಕುಳಿತವರಂತೆ ನೆಟ್ಟಗೆ ಕುಳಿತರು. ತೊಂಬತ್ತರ ಅವರಿಗಿಂತ ಆ ಧ್ವನಿ ಚಿಕ್ಕ ವಯಸ್ಸಿನದಾಗಿತ್ತು. ಆದರೂ ಅದು ತಾಯಿಯ ಧ್ವನಿ.

ಏಳೆಂಟು ನಿಮಿಷ ಕಳೆದಿರಬೇಕು. ಪದ ನಡುಸಾಲಿನಲ್ಲಿರುವಾಗಲೇ ಟಕ್ಕೆಂದು ಸದ್ದಾಗಿ, ಒಬ್ಬ ಹುಡುಗನ ಏರುಧ್ವನಿ ಹದಿನೇಳರ ಮಗ್ಗಿಯನ್ನು ಹೇಳತೊಡಗಿತು. ಏಳರಲ್ಲಿ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಿತು. ಆ ಹುಡುಗ ನಾನು. ಅದುವರೆಗೆ ಸಂಪೂರ್ಣವಾಗಿ ಮರೆತುಹೋಗಿದ್ದ ಒಂದು ರವಿವಾರ ಕಣ್ಣ ಮುಂದೆ ಬಂದಿತು. ಹಿರಿಯರೆಲ್ಲ ಮಲಗಿದ್ದ ಹೊತ್ತಿನಲ್ಲಿ ಯಂತ್ರದ ಮುಂದೆ ಕುಳಿತು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ್ದೆ. ಸುಮಾರು ಮೂರು ನಿಮಿಷಗಳ ಮೇಲೆ ಮತ್ತೆ ಟಕ್ಕೆಂದು ಸದ್ದಾಗಿ, ಬೇರೊಂದು ಪದದ ನಡುವಿನಿಂದ ಅಜ್ಜಿಯ ಧ್ವನಿ ಮುಂದುವರಿಯಿತು.

ದೊಡ್ಡಪ್ಪನವರಿಗೆ ಇದು ತಿಳಿದಿತ್ತು. ಅಳಿಸಿಹೋದುದನ್ನು ಮರಳಿ ತರುವ ಉಪಾಯ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಅಜ್ಜಿ ೧೯೬೫ರಲ್ಲಿಯೇ ತೀರಿಕೊಂಡಿದ್ದರಿಂದ ಮತ್ತೊಮ್ಮೆ ಹಾಡಿಸುವ ಅವಕಾಶವೂ ಅವರಿಗೆ ಉಳಿದಿರಲಿಲ್ಲ. ಆದರೂ ಅವರು ನನ್ನನ್ನು ಕರೆದು ಕೇಳಲಿಲ್ಲ, ಗದರಿಸಲಿಲ್ಲ. ಪೆಟ್ಟಿಗೆಯ ಮೇಲೆ ಎರಡು ಶಬ್ದ ಬರೆದು ಸುಮ್ಮನಾಗಿದ್ದರು. ಮುಂದಿನ ರವಿವಾರವೂ ನನಗೆ ಹೋಳಿಗೆ ಬಡಿಸಿದ್ದಿರಬೇಕು.

ನಾನು ಯಂತ್ರ ನಿಲ್ಲಿಸಿ, "ದೊಡ್ಡವ್ವ, ತಪ್ಪಾತು" ಎಂದೆ. ಅವರು ನನ್ನ ಮುಖ ನೋಡಿ, "ಇನ್ನೊಮ್ಮೆ ಹಚ್ಚಪಾ. ಮಗ್ಗೀನೂ ಇರಲಿ" ಎಂದರು.

೨೦೨೧ರಲ್ಲಿ ದೊಡ್ಡವ್ವನವರೂ ಲಿಂಗೈಕ್ಯರಾದರು. ಅಷ್ಟರೊಳಗೆ ಆ ಸುರುಳಿಯ ಪ್ರತಿಯನ್ನು ಗಣಕಯಂತ್ರಕ್ಕೆ ಇಳಿಸಿ ಮೊಮ್ಮಕ್ಕಳಿಗೆಲ್ಲ ಹಂಚಿದ್ದೆ. ಮಗ್ಗಿಯನ್ನು ಕತ್ತರಿಸಿ ತೆಗೆಯಲಿಲ್ಲ.

ವಾಚಕರೇ, ಹಳೆಯ ಯಂತ್ರವನ್ನು ಬೇರೆ ಉಪಯೋಗಕ್ಕೆ ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ಹೊಂದಿಸಲಾಗದಷ್ಟು ಶಿಥಿಲವಾದ ಯಂತ್ರದ ವಾಲ್ವು ಇನ್ನೊಂದು ಯಂತ್ರವನ್ನು ಬದುಕಿಸಬಹುದು. ಆದರೆ ಮನೆಯಲ್ಲಿರುವ ಒಂದೊಂದು ಸುರುಳಿಯನ್ನೂ ಕೇಳಿ ಮುಗಿಸುವ ಮೊದಲು ಯಂತ್ರವನ್ನು ಬಿಚ್ಚಬೇಡಿರಿ. ಯಂತ್ರವಿಲ್ಲದ ಟೇಪು ಮೂಕ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು, ನುಡಿಸುವ ಯಂತ್ರಗಳೂ ಅವುಗಳನ್ನು ಬಲ್ಲ ಕೈಗಳೂ ಕಡಮೆಯಾಗುತ್ತಿರುವುದನ್ನು ಕಂಡು, ಟೇಪುಗಳನ್ನು ಉಳಿಸಿಕೊಳ್ಳಲು ೨೦೨೫ನೆಯ ಇಸವಿಯನ್ನೇ ಗಡುವೆಂದು ಸಾರಿತ್ತು. ಆ ಗಡುವು ಬಂದೂ ಆಯಿತು.

ಪ್ರಸಾದನಿಲಯದಲ್ಲಿ ನನ್ನೊಡನೆ ಉಂಡು ಓದಿದ ಗೆಳೆಯರ ಮನೆಗಳಲ್ಲಿಯೂ ಇಂಥ ಡಬ್ಬಿಗಳಿರಬಹುದು. ಮದುವೆಯ ಹಾಡಿರಬಹುದು, ಪ್ರವಚನವಿರಬಹುದು, ತಂದೆಯ ಕೆಮ್ಮಿರಬಹುದು. ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಬೆಳಕು ತೂರಿಬಂದರೆ ಅದು ಅಸಿಟೇಟಿನದು. ಸುಲಭವಾಗಿ ಮುರಿಯುತ್ತದೆ, ಹುಳಿ ವಾಸನೆ ಬರುತ್ತಿದ್ದರೆ ತಡಮಾಡಬಾರದು. ಬಿಸಿಲಿನಿಂದಲೂ ಧ್ವನಿವರ್ಧಕದ ಅಯಸ್ಕಾಂತದಿಂದಲೂ ದೂರವಿಡಿರಿ. ಬಲ್ಲವರ ಕೈಗೆ ಕೊಡಿರಿ. ಪೆಟ್ಟಿಗೆಯ ಮೇಲೆ ಬರೆದುದನ್ನು, ಪೆನ್ಸಿಲಿನಲ್ಲಿ ಬರೆದುದನ್ನೂ, ತಪ್ಪದೆ ಓದಿರಿ.